ಎಂಟರ್ ಒತ್ತಿದರೂ ಸಾಲು ಮುರಿಯುವುದಿಲ್ಲವೇಕೆ?

ಪ್ರಶ್ನೆ: ಈಚೆಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಕಲಿಯುತ್ತಿದ್ದೇನೆ. ಎಂಟರ್ ಒತ್ತಿ ಪ್ಯಾರಾ ಬಿಡಿಸಿ ಬರೆದರೂ ಬ್ರೌಸರಿನಲ್ಲಿ ಎಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ. ಸದ್ಯಕ್ಕೆ ಪ್ರತಿ ಪ್ಯಾರಾದ ಕೊನೆಗೆ ಎರಡೆರಡು ಬಿಆರ್ ಟ್ಯಾಗ್ (ಸಾಲು ಮುರಿಯುವ ಗುರುತು) ಹಾಕುತ್ತಿದ್ದೇನೆ. ಮುಖ್ಯವಾದ ಸಾಲು ದಪ್ಪಗೆ ಕಾಣಲೆಂದು ಎಚ್3 ಟ್ಯಾಗ್ ಬಳಸಿದ್ದೇನೆ. ಇದು ಸರಿಯೇ?

ಉತ್ತರ: ಎಂಟರ್, ಟ್ಯಾಬ್, ಸ್ಪೇಸ್ ಒಟ್ಟಿಗೆ ಎಷ್ಟೇ ಬಂದರೂ ಬ್ರೌಸರ್ ಅವನ್ನೆಲ್ಲ ಸೇರಿಸಿ ಒಂದೇ ಸ್ಪೇಸ್ ಮಾಡಿಬಿಡುತ್ತದೆ. ಬರೆದದ್ದು ಬರೆದ ಹಾಗೇ ಕಾಣಬೇಕೆಂದರೆ ಪ್ರಿ ಟ್ಯಾಗ್ ಇದೆ, ಆದರೆ ಅದು ಪ್ರೋಗ್ರಾಂ ಕೋಡ್‌ನಂಥದಕ್ಕೆ. ಪ್ಯಾರಾಕ್ಕೆ ಪಿ ಟ್ಯಾಗ್ ಬಳಸಿ.

ಎರಡು ಬಿಆರ್ ಹಾಕಿದರೂ ಕಣ್ಣಿಗೆ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ, ನಿಜ. ನಾಳೆ ಪ್ಯಾರಾಗಳ ನಡುವಿನ ಜಾಗ ತುಸು ಕಡಿಮೆ ಮಾಡೋಣ ಅನ್ನಿಸಿದರೆ? ಪಿ ಇದ್ದಲ್ಲಿ, ಪುಟ ಹೇಗೆ ಕಾಣಬೇಕೆಂದು ಹೇಳುವ ಸಿಎಸ್‌ಎಸ್‌ನ ಒಂದು ಸಾಲು ಸಾಕು. ಬಿಆರ್ ಇದ್ದರೆ ಒಂದೊಂದನ್ನೂ ಹುಡುಕಿ ಅಳಿಸುತ್ತ ಕೂರಬೇಕು. ಪದ್ಯ, ಅಂಚೆ ವಿಳಾಸದಂಥ ಕಡೆ ಮಾತ್ರ ಬಿಆರ್ ಇರಲಿ.

ಎಚ್3ರ ತಪ್ಪು ಇದಕ್ಕಿಂತ ದೊಡ್ಡದು. ಎಚ್1ರಿಂದ ಎಚ್6ರವರೆಗಿನವು ಹೇಳುವುದು ಶೀರ್ಷಿಕೆಯ ಮಟ್ಟವನ್ನು. ಅಕ್ಷರ ದಪ್ಪಗಾಗುವುದು ಅದರ ಜೊತೆಗೆ ಬರುವ ವೇಷ ಅಷ್ಟೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತ ಪುಟ ಓದುತ್ತಾರೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಅದಕ್ಕೆ ಎಚ್ ಕೀಲಿ ಒತ್ತಿದರಾಯಿತು. ‘ಮೊದಲು ಫೈಲ್ ಸೇವ್ ಮಾಡಿಕೊಳ್ಳಿ’ ಎಂಬ ನಿಮ್ಮ ಎಚ್ಚರಿಕೆಯ ಸಾಲು ಅವರಿಗೆ ಹೊಸ ಭಾಗದ ತಲೆಬರಹವಾಗಿ ಕೇಳಿಸುತ್ತದೆ. ಅಂಥ ಸಾಲಿಗೆ ಸ್ಟ್ರಾಂಗ್ ಬಳಸಿ. ಬಿ ಟ್ಯಾಗೂ ದಪ್ಪ ಮಾಡುತ್ತದೆ, ಆದರೆ ‘ಇದು ಮುಖ್ಯ’ ಎಂಬ ಅರ್ಥ ಅದಕ್ಕಿಲ್ಲ.

ನೀವು ಕೇಳದಿದ್ದರೂ, ಒತ್ತಿ ಹೇಳುವ ಪದವನ್ನು ಓರೆಯಾಗಿ (ಇಟಾಲಿಕ್) ತೋರಿಸುವ ಇಎಂ ಟ್ಯಾಗ್ ಬಗ್ಗೆ ಒಂದು ಮಾತು. ಕನ್ನಡದ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ರೂಪವೇ ಇರುವುದಿಲ್ಲ. ಬ್ರೌಸರ್ ಇದ್ದ ಅಕ್ಷರವನ್ನೇ ಪಕ್ಕಕ್ಕೆ ವಾಲಿಸುತ್ತದೆ. ಒತ್ತಕ್ಷರ ಕೆಳಗಿರುವ ಕಡೆ ಅದು ನೋಡಲು ಚೆನ್ನಾಗಿರುವುದಿಲ್ಲ. ನಾನಂತೂ ಸಿಎಸ್‌ಎಸ್‌ನಲ್ಲಿ ಆ ಓರೆ ತೆಗೆದು ಬಣ್ಣ ಬದಲಿಸುತ್ತೇನೆ.

ಪಿ ಬಳಸತೊಡಗಿದ ಮೇಲೆ ನೀವು ಎಡವಬಹುದಾದ ಜಾಗ ಒಂದಿದೆ. ಪಿ ಒಳಗೆ ಯುಎಲ್ ಪಟ್ಟಿ ಇಡುವಂತಿಲ್ಲ. ಇಟ್ಟರೆ ಬ್ರೌಸರ್ ಬೈಯುವುದಿಲ್ಲ, ಪಟ್ಟಿ ಶುರುವಾಗುತ್ತಲೇ ಪಿಯನ್ನು ತಾನೇ ಮುಚ್ಚಿಬಿಡುತ್ತದೆ. ಪ್ಯಾರಾಕ್ಕೆ ಕೊಟ್ಟ ಹಿನ್ನೆಲೆ ಬಣ್ಣ ಪಟ್ಟಿಗೆ ಮೊದಲೇ ನಿಂತುಹೋಯಿತೆಂದರೆ ಬಣ್ಣದ ಕೋಡ್ ತಿದ್ದುತ್ತ ಕೂರಬೇಡಿ, ಪಟ್ಟಿಯನ್ನು ಪಿಯಿಂದ ಹೊರಗೆ ತಂದು ಎರಡನ್ನೂ ಒಂದು ಡಿವ್‌ನಲ್ಲಿ (ಹಲವು ಭಾಗಗಳನ್ನು ಒಟ್ಟಿಗೆ ಹಿಡಿದಿಡುವ ಟ್ಯಾಗ್) ಇಟ್ಟು ಆ ಬಣ್ಣವನ್ನು ಡಿವ್‌ಗೆ ಕೊಡಿ.