ಸಂಪಾದಕರ ಉತ್ತರ: ಆಶ್ರಯ ಕೇಳಿ ಬಂದವರ ಅರ್ಜಿ ನೋಡುವ ಕೆಲಸ

(ಹಾವೇರಿಯ ಯುವ ವಕೀಲೆಯೊಬ್ಬರು ಬರೆದಿದ್ದಾರೆ: ಎಲ್‌ಎಲ್‌ಬಿ ಮುಗಿಸಿ ಎರಡು ವರ್ಷವಾಯಿತು, ಸೀನಿಯರ್ ಒಬ್ಬರ ಹತ್ತಿರ ಇದ್ದೇನೆ. ಮುಂಡಗೋಡದ ಟಿಬೆಟಿಯನ್ನರನ್ನು ನೋಡುತ್ತ ಬೆಳೆದವಳು. ದೇಶ ಬಿಟ್ಟು ಓಡಿ ಬಂದು ಆಶ್ರಯ ಕೇಳುವವರ ಅರ್ಜಿಗಳ ಕೆಲಸ ಮಾಡಬೇಕು ಅಂತ ಆಸೆ. ವಿಶ್ವಸಂಸ್ಥೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಏಜೆಂಟ್ ಒಬ್ಬ ನಲವತ್ತು ಸಾವಿರ ಕೇಳುತ್ತಿದ್ದಾನೆ. ಲಂಡನ್ನಿನಲ್ಲಿರುವ ಅಣ್ಣ ಅಲ್ಲಿಗೇ ಬಾ ಅನ್ನುತ್ತಾನೆ. ಏನು ಮಾಡಲಿ?)

ಮೊದಲು ಏಜೆಂಟನ ವಿಷಯ ಮುಗಿಸಿಬಿಡೋಣ. ಒಂದು ರೂಪಾಯಿಯನ್ನೂ ಕೊಡಬೇಡಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ, ಅಂದರೆ ಯುಎನ್‌ಎಚ್‌ಸಿಆರ್, ಕೆಲಸಕ್ಕೆ ಸೇರುವವರಿಂದ ಯಾವ ಹಂತದಲ್ಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಶ್ರಯ ಕೇಳಿ ಬಂದವರಿಂದಲೂ ಇಲ್ಲ.

ಮುಂಡಗೋಡದ ನೆನಪು ಒಳ್ಳೆಯದೇ. ಆದರೆ ಅದರಿಂದ ಈ ಕೆಲಸದ ಅಂದಾಜು ಸಿಗುವುದಿಲ್ಲ. 1966ರಲ್ಲಿ ಅಲ್ಲಿ ವಸತಿ ಶುರುವಾದಾಗ ಸರ್ಕಾರ ಇಡೀ ಸಮುದಾಯಕ್ಕೆ ಜಾಗ ಕೊಟ್ಟಿತ್ತು. ಶ್ರೀಲಂಕಾದ ತಮಿಳರನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಕಡೆಯವರ ದಾರಿ ಬೇರೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ನಮ್ಮಲ್ಲಿಲ್ಲ. ಹಾಗಾಗಿ ಇವರ ಅರ್ಜಿಗಳನ್ನು ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿ ಒಂದೊಂದಾಗಿ ನೋಡುತ್ತದೆ. ಹೆಸರು ನೋಂದಣಿ, 'ಅರ್ಜಿ ಪರಿಶೀಲನೆಯಲ್ಲಿದೆ' ಎಂಬ ಒಂದು ಕಾಗದ, ಆಮೇಲೆ ಉದ್ದದ ಸಂದರ್ಶನ, ತೀರ್ಮಾನ. ತಿರಸ್ಕಾರವಾದರೆ ಮೇಲ್ಮನವಿ. ಈ ಕೆಲಸ ಮಾಡುವವರ ಬಾಯಲ್ಲಿ ಇದೆಲ್ಲ 'ಆರ್‌ಎಸ್‌ಡಿ' (ರೆಫ್ಯೂಜಿ ಸ್ಟೇಟಸ್ ಡಿಟರ್ಮಿನೇಷನ್), ಅಂದರೆ ಬಂದವರು ನಿರಾಶ್ರಿತರೋ ಅಲ್ಲವೋ ಎಂದು ತೀರ್ಮಾನಿಸುವುದು.

ತೀರ್ಮಾನಕ್ಕೆ ಅಳತೆಗೋಲು ಇದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಇಲ್ಲವೇ ಒಂದು ಸಾಮಾಜಿಕ ಗುಂಪಿಗೆ ಸೇರಿದ್ದು: ಇವುಗಳಲ್ಲಿ ಯಾವುದಾದರೊಂದು ಕಾರಣಕ್ಕೆ ಹಿಂಸೆಯ ಭಯ ಇರಬೇಕು, ಆ ಭಯಕ್ಕೆ ಆಧಾರವೂ ಬೇಕು. ಬರೀ ಬಡತನ ಸಾಲದು. ಎದುರಿಗೆ ಕೂತವರು ಎಷ್ಟು ಅತ್ತರೂ ನೀವು ಇದನ್ನೇ ನೋಡಬೇಕು. ಇದು ಆಗುತ್ತದಾ ನಿಮ್ಮ ಕೈಲಿ? ನಿಮ್ಮ ಪತ್ರದಲ್ಲಿ 'ಕರುಣೆ' ಎಂಬ ಮಾತು ನಾಲ್ಕು ಸಲ ಬಂದಿದೆ, ಅದಕ್ಕೇ ಕೇಳಿದೆ.

ದೆಹಲಿಯಲ್ಲಿ ನಿರಾಶ್ರಿತರ ಪರ ವಕೀಲಿಕೆ ಮಾಡಿದ ಗೆಳತಿಯೊಬ್ಬಳು ಹೇಳಿದ ಸಂಗತಿ ಇದು. ಒಬ್ಬ ಅಫ್ಘನ್ ಹೆಂಗಸು, ತಮ್ಮನ ಅಪಹರಣವಾದದ್ದು 1399ರ ದಲ್ವ ತಿಂಗಳಲ್ಲಿ ಅಂದಳು. ಅವರ ಪಂಚಾಂಗ ಬೇರೆ, ಹೊಸ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ಮೊದಲ ಸಲ ಬರೆದುಕೊಂಡವರು ಗಡಿಬಿಡಿಯಲ್ಲಿ 621 ಕೂಡಿಸಿ 2020 ಅಂತ ಹಾಕಿಬಿಟ್ಟರು. ದಲ್ವ ಹನ್ನೊಂದನೇ ತಿಂಗಳು. ಅಷ್ಟರಲ್ಲಿ ನಮ್ಮಲ್ಲಿ 2021 ಬಂದಿರುತ್ತದೆ. ಮುಂದಿನ ಸಲ ಬೇರೆ ಇಂಟರ್‌ಪ್ರಿಟರ್ ಸರಿಯಾಗಿ 2021 ಅಂದ. ಹೆಂಗಸು ಹೇಳಿದ್ದು ಎರಡೂ ಸಲ ಒಂದೇ ಮಾತು. ಕಾಗದದಲ್ಲಿ ಮಾತ್ರ ಒಂದು ವರ್ಷದ ವ್ಯತ್ಯಾಸ. 'ಯಾವುದು ನಿಜ?' ಎಂಬ ಪ್ರಶ್ನೆ ಬಿದ್ದದ್ದು ಅವಳ ಮೇಲೆ. ಆಮೇಲೆ ಗೆಳತಿ ಮೇಜಿನ ಗಾಜಿನ ಕೆಳಗೆ ಆ ಪಂಚಾಂಗ ಇಟ್ಟುಕೊಂಡಳು. ತಾರೀಖು ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು ಅದರ ಮೇಲೆ ಬೆರಳಾಡಿಸುತ್ತಿದ್ದಳಂತೆ.

ನಗಬೇಡಿ, ನಮ್ಮಲ್ಲೂ ಎಷ್ಟು ಜನರ ಹುಟ್ಟಿದ ದಿನ ಜೂನ್ 1? ಮೇಷ್ಟ್ರು ಶಾಲೆಗೆ ಸೇರಿಸುವಾಗ ಬರೆದದ್ದು ಅಲ್ವಾ?

ಇನ್ನು ದಾರಿ. ತೀರ್ಮಾನ ಬರೆಯುವ ಕುರ್ಚಿಗಿಂತ ಮೊದಲು ಅರ್ಜಿದಾರರ ಪಕ್ಕದ ಕುರ್ಚಿಯಲ್ಲಿ ಒಂದೆರಡು ವರ್ಷ ಕೂರಿ ಅನ್ನುತ್ತೇನೆ. ದೆಹಲಿಯ ಮೈಗ್ರೇಷನ್ ಅಂಡ್ ಅಸೈಲಂ ಪ್ರಾಜೆಕ್ಟ್‌ನಂಥ ಕಡೆ ವಕೀಲರು ಮಾಡುವುದು ಇದನ್ನೇ: ಹೇಳಿಕೆ ಬರೆದುಕೊಳ್ಳುವುದು, ಸಂದರ್ಶನಕ್ಕೆ ಸಿದ್ಧಪಡಿಸುವುದು, ಮೇಲ್ಮನವಿ ಬರೆಯುವುದು. ಆಮೇಲೆ ಯುಎನ್‌ಎಚ್‌ಸಿಆರ್ ಹುದ್ದೆಗೋ ಯುಎನ್ ವಾಲಂಟಿಯರ್ ಜಾಗಕ್ಕೋ ಅರ್ಜಿ ಹಾಕಿ. ಕಚೇರಿ ಭಾಷೆ ಇಂಗ್ಲಿಷ್, ಹಿಂದಿಯೂ ಬೇಕಾಗುತ್ತದೆ. ಅಫ್ಘನ್ನರ ದರಿ ಭಾಷೆ, ಬರ್ಮೀಸ್ ಬರುವುದಿಲ್ಲ ಅಂತ ಹೆದರಬೇಡಿ, ಅದಕ್ಕೆ ಇಂಟರ್‌ಪ್ರಿಟರ್ ಇರುತ್ತಾರೆ. ಅವರ ಜೊತೆ ಕೆಲಸ ಮಾಡುವುದನ್ನು ಮಾತ್ರ ಕಲಿಯಬೇಕು. ಚಿಕ್ಕ ವಾಕ್ಯ ಆಡಬೇಕು, ನೋಡಬೇಕಾದ್ದು ಇಂಟರ್‌ಪ್ರಿಟರ್ ಕಡೆಗಲ್ಲ, ಅರ್ಜಿದಾರರ ಕಡೆಗೆ.

ಲಂಡನ್? ಬ್ರಿಟನ್ನಿನಲ್ಲಿ ಅರ್ಜಿ ತೀರ್ಮಾನಿಸುವವರು ಅಲ್ಲಿನ ಗೃಹ ಇಲಾಖೆಯ ನೌಕರರು. ಕಾಮನ್‌ವೆಲ್ತ್ ದೇಶದವರಿಗೂ ಅಲ್ಲಿ ಅನೇಕ ಸರ್ಕಾರಿ ಹುದ್ದೆ ತೆರೆದಿವೆ, ಆದರೆ ಆ ದೇಶದಲ್ಲಿ ಕೆಲಸ ಮಾಡುವ ಹಕ್ಕು ಮೊದಲೇ ಕೈಯಲ್ಲಿರಬೇಕು. ಅಣ್ಣ ಅಲ್ಲಿರುವುದರಿಂದ ಆ ಹಕ್ಕು ನಿಮಗೆ ಬರುವುದಿಲ್ಲ. ಅಮೆರಿಕದಲ್ಲಂತೂ ಈ ಅಧಿಕಾರಿಯಾಗಲು ಅಲ್ಲಿನ ಪೌರತ್ವವೇ ಬೇಕು. ಸದ್ಯಕ್ಕೆ ದೆಹಲಿಯೇ ನಿಮ್ಮ ಲಂಡನ್.

ಇನ್ನೊಂದು ಮಾತು. ಕೇಳಿದ್ದನ್ನು ಮನೆಯಲ್ಲೂ ಹೇಳುವಂತಿಲ್ಲ. ಫೇಸ್‌ಬುಕ್‌ನಲ್ಲಿ ಹೆಸರು ಬದಲಿಸಿ ಬರೆಯುವುದೂ ಬೇಡ. ಊರು, ತಿಂಗಳು, ಮಕ್ಕಳೆಷ್ಟು ಎನ್ನುವುದರಲ್ಲೇ ಗುರುತು ಸಿಕ್ಕಿಬಿಡುತ್ತದೆ. ಆ ಭಾರ ಜಾಸ್ತಿ. ಆದಷ್ಟು ಬೇಗ, ಹಗುರ ಮಾಡಿಕೊಳ್ಳಲು ಒಬ್ಬ ಹಿರಿಯ ಸಹೋದ್ಯೋಗಿಯನ್ನು ನೋಡಿಟ್ಟುಕೊಳ್ಳಿ.

ಅಲ್ಲಿಯವರೆಗೆ ಸುಮ್ನೆ ಕೂರುವ ಬದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಜ್ಜಿ ಇದ್ದಾರೆ ಅಂತ ಬರೆದಿದ್ದೀರಿ. ಅವರು ತವರು ಬಿಟ್ಟು ಬಂದ ದಿನದ ಬಗ್ಗೆ ಕೇಳಿ ಬರೆದುಕೊಳ್ಳಿ. ಅವರು ವರ್ಷ ಹೇಳುವುದಿಲ್ಲ, ಕಾರಹುಣ್ಣಿಮೆ ಆದ ಮೇಲೆ ಅನ್ನುತ್ತಾರೆ, ದೊಡ್ಡ ಮಳೆ ಬಂದ ವರ್ಷ ಅನ್ನುತ್ತಾರೆ. ನಡುವೆ ಬಾಯಿ ಹಾಕಬೇಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಎಷ್ಟು ಕಡೆ 'ನಾ ಹಂಗ ಅಂದಿಲ್ಲವ್ವ' ಅನ್ನುತ್ತಾರೆ ಎಣಿಸಿ. ತಿದ್ದಿದ ಪ್ರತಿಯನ್ನು ನಮಗೂ ಕಳಿಸಿ, ಅಜ್ಜಿ ಒಪ್ಪಿದರೆ.