ಕೊಪ್ಪಳದಿಂದ ಬೆಂಗಳೂರಿನ ಭಾನುವಾರದ ಡ್ಯಾನ್ಸ್ ಕ್ಲಾಸಿಗೆ ಮಗಳಿಂದ ಆಡಿಷನ್ ಕೊಡಿಸಬೇಕಾ?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ನೀವು ಕೊಪ್ಪಳದಲ್ಲಿದ್ದೀರಿ, ಮಗಳಿಗೆ 10 ವರ್ಷ, ನಾಲ್ಕು ವರ್ಷದಿಂದ ಊರಲ್ಲೇ ಭರತನಾಟ್ಯ ಕಲಿಯುತ್ತಿದ್ದಾಳೆ. ಬೆಂಗಳೂರಿನ ಒಂದು ಸಂಸ್ಥೆ ಹೊರಗಿನ ಊರುಗಳ ಮಕ್ಕಳನ್ನು ಆಡಿಷನ್ ಮಾಡಿ ಆರಿಸಿಕೊಂಡು ತಿಂಗಳಿಗೆ ಎರಡು ಭಾನುವಾರ ವಿಶೇಷ ಕ್ಲಾಸ್ ಮಾಡುತ್ತದೆ. ಊರಿನ ಗುರುಗಳ ಹತ್ತಿರ ಕಲಿಯುವುದು ಹಾಗೇ ಮುಂದುವರಿಯುತ್ತದೆ. ಕಳಿಸಬೇಕಾ, ಬೇಡ್ವಾ?

ನಾನು ಬಳ್ಳಾರಿಯವಳು. ನನ್ನ ಮಗಳು ಹೈಸ್ಕೂಲಿನಲ್ಲಿದ್ದಾಗ ಇಂಥದ್ದೇ ಒಂದು ಕ್ಲಾಸಿಗೆ ಹೋಗಿ ಬಂದವಳು, ಈಗ ಪಿಯುಸಿ ಓದುತ್ತಿದ್ದಾಳೆ. ಸುತ್ತಿ ಬಳಸಿ ಹೇಳುವುದಿಲ್ಲ: ಈ ವರ್ಷ ಬೇಡ. ಹನ್ನೆರಡು ದಾಟಲಿ, ಆಗ ನೋಡಿ. ಈ ವರ್ಷ ಬೇರೆ ಒಂದು ಆಯ್ಕೆಗೆ ಅರ್ಜಿ ಹಾಕಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ನಾವೆಲ್ಲ 'ಸೆಲೆಕ್ಟ್ ಆಗ್ತಾಳಾ ಇಲ್ವಾ' ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ನೀವು ಸೆಲೆಕ್ಟ್ ಆಗೇಬಿಟ್ಟಳು ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಶನಿವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು. ಹೊಸಪೇಟೆ, ಬಳ್ಳಾರಿ, ಗುಂತಕಲ್ ಅಂತ ಸುತ್ತಿಕೊಂಡು ಅದು ಬೆಳಿಗ್ಗೆ ಬೆಂಗಳೂರು ಮುಟ್ಟುತ್ತದೆ. ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಸ್ನಾನ, ತಿಂಡಿ, ಆಮೇಲೆ ಕ್ಲಾಸ್, ರಾತ್ರಿ ಮತ್ತೆ ಅದೇ ರೈಲು, ಸೋಮವಾರ ಬೆಳಿಗ್ಗೆ ಇಳಿದು ಹೆಚ್ಚುಕಡಿಮೆ ನೇರವಾಗಿ ಸ್ಕೂಲಿಗೆ. ಮಕ್ಕಳಿಗೆ ಮೊದಮೊದಲು ರೈಲು ಅಂದರೆ ಹಬ್ಬ. ಮಳೆಗಾಲ ಮುಗಿದು ಪರೀಕ್ಷೆ ಹತ್ತಿರ ಬರುವ ಹೊತ್ತಿಗೆ ಅದೇ ಬರ್ತ್ ಮೇಲೆ ಕೂತು ಹೋಂವರ್ಕ್ ಬರೆಯುತ್ತಿರುತ್ತವೆ. ಜೊತೆಗೆ ಯಾರು ಹೋಗುತ್ತೀರಿ? ಚಿಕ್ಕ ಮಗ ಇದ್ದಾನೆ ಅಂತ ಬರೆದಿದ್ದೀರಿ, ಆ ಎರಡು ರಾತ್ರಿ ಅವನನ್ನು ಯಾರು ನೋಡಿಕೊಳ್ಳುತ್ತಾರೆ? ಕ್ಲಾಸಿನ ಫೀಸು ಕಂಡು ಜನ ಹೆದರುತ್ತಾರೆ, ಆದರೆ ಟಿಕೆಟ್ಟು, ಉಳಿದುಕೊಳ್ಳುವುದು, ಆಟೋ, ಹೊರಗಿನ ಊಟ ಎಲ್ಲ ಸೇರಿದರೆ ಫೀಸೇ ಕಡಿಮೆ ಅನ್ನಿಸುತ್ತದೆ. ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಕಾಗದದ ಮೇಲೆ ಬರೆದು ನೋಡಿ. ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕೇಳಿ, ಹೊರೆ ಅವರ ಮೇಲೂ ಬೀಳುತ್ತದೆ ಅಲ್ವಾ.

ಆ ಸಂಸ್ಥೆಯವರು 'ವಿದೇಶದ ಬ್ಯಾಲೆ ಸ್ಕೂಲ್‌ಗಳಲ್ಲೂ ಹೀಗೇ ಇದೆ' ಅಂದರು ಅಂತ ಬರೆದಿದ್ದೀರಿ. ಇದೆ ನಿಜ. ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್‌ನಲ್ಲಿ ಅಸೋಸಿಯೇಟ್ ಅಂತ ಒಂದು ಕಾರ್ಯಕ್ರಮವೇ ಇದೆ. ಎಂಟು ವರ್ಷದ ಸುಮಾರಿಗೇ ಮಕ್ಕಳನ್ನು ಆಡಿಷನ್ ಮಾಡಿ ತೆಗೆದುಕೊಳ್ಳುತ್ತಾರೆ. ಮಕ್ಕಳು ಮನೆಯಲ್ಲೇ ಇದ್ದು, ತಮ್ಮ ಊರಿನ ಟೀಚರ್ ಹತ್ತಿರ ಕಲಿಯುತ್ತಲೇ, ವಾರದ ಕೊನೆಗೆ ಇದೊಂದು ಹೆಚ್ಚಿನ ಕ್ಲಾಸಿಗೆ ಹೋಗುತ್ತಾರೆ. ಆದರೆ ಎರಡು ವಿಷಯ ಗಮನಿಸಿ. ಒಂದು, ಅವರು ಲಂಡನ್ ಅಷ್ಟೇ ಅಲ್ಲದೆ ಬರ್ಮಿಂಗ್‌ಹ್ಯಾಮ್, ಲೀಡ್ಸ್‌ನಂಥ ಊರುಗಳಲ್ಲೂ ಕ್ಲಾಸ್ ಇಟ್ಟಿದ್ದಾರೆ, ಚಿಕ್ಕ ಮಕ್ಕಳಿಗೆ ಹತ್ತಿರವಾಗಲಿ ಅಂತ. ಇಲ್ಲಿ ಹತ್ತು ವರ್ಷದ ಮಗು ಇಡೀ ರಾತ್ರಿ ಪ್ರಯಾಣ ಮಾಡಿ ಹೋಗಬೇಕು. ಇನ್ನೊಂದು, ಅಸೋಸಿಯೇಟ್ ಆದ ಮಾತ್ರಕ್ಕೆ ಮುಂದೆ ವೈಟ್ ಲಾಡ್ಜ್‌ನಲ್ಲಿರುವ ಅವರ ಪೂರ್ಣಾವಧಿ ಶಾಲೆಯಲ್ಲಿ ಸೀಟು ಸಿಗುವುದಿಲ್ಲ, ಅದಕ್ಕೆ 11ನೇ ವಯಸ್ಸಿಗೆ ಮತ್ತೆ ಬೇರೆ ಆಡಿಷನ್. ನಿಮ್ಮ ಬೆಂಗಳೂರಿನವರನ್ನೂ ಇದನ್ನೇ ಕೇಳಿ: ಎರಡು ವರ್ಷ ಕಲಿತ ಮೇಲೆ ಏನು? ಸರ್ಟಿಫಿಕೇಟಾ, ಮುಂದಿನ ಹಂತವಾ, ಸುಮ್ನೆ ಮತ್ತೆ ಎರಡು ವರ್ಷವಾ? ಬಾಯಿಮಾತಿನಲ್ಲಿ ಬೇಡ, ಬರೆದು ಕೊಡಲಿ.

ಈಗ ಬಾನಿಯ, ಅಂದರೆ ಭರತನಾಟ್ಯದ ಶೈಲಿಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಇದು ಇಲ್ಲವೇ ಇಲ್ಲ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಪಂದನಲ್ಲೂರು, ವಳುವೂರು, ಕಲಾಕ್ಷೇತ್ರ, ನಮ್ಮ ಮೈಸೂರು ಬಾನಿ, ಒಂದೊಂದರದ್ದು ಒಂದೊಂದು ರೀತಿ. ಕೈ ಎಷ್ಟು ಚಾಚಬೇಕು, ಮೈ ಎಷ್ಟು ವಾಲಬೇಕು, ಕೆಲವು ಅಡವುಗಳ (ಮೂಲ ಹೆಜ್ಜೆಗಳ) ಹೆಸರು ಕೂಡ ಬೇರೆ ಬೇರೆ. 1936ರಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣಿ ದೇವಿ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ ಹತ್ತಿರ ಕಲಿತವರು, ಅದಕ್ಕೂ ಮೊದಲು ಬ್ಯಾಲೆಯನ್ನೂ ಕಲಿತಿದ್ದರು. ಒಂದೇ ಗುರುಗಳ ಕಡೆಯಿಂದ ಬಂದದ್ದು ಕೂಡ ಹೀಗೆ ಬೇರೆ ರೂಪ ತಾಳುತ್ತದೆ. ನನ್ನ ಮಗಳಿಗೆ ಬೆಂಗಳೂರಿನಲ್ಲಿ ನಾಟಡವು ಮಾಡುವಾಗ ಮೊಣಕೈ ಪೂರ್ತಿ ನೇರ ಮಾಡು ಅಂತ ತಿದ್ದಿದರು. ಬಳ್ಳಾರಿಗೆ ಬಂದು ಹಾಗೇ ಮಾಡಿದಾಗ ನಮ್ಮ ಟೀಚರ್ ತಟ್ಟುತ್ತಿದ್ದ ಕೋಲು ನಿಲ್ಲಿಸಿ, 'ಕೈ ಯಾಕೆ ಬಿಗಿ ಹಿಡಿದೀಯಮ್ಮ, ಭುಜ ನೋಡು, ಕಿವಿ ಮುಟ್ಟುತ್ತಿದೆ' ಅಂದರು. ಅವಳು ಆಗ 13 ವರ್ಷದವಳು, 'ಅಲ್ಲಿ ಹಾಗೆ, ಇಲ್ಲಿ ಹೀಗೆ' ಅಂತ ಎರಡನ್ನೂ ಬೇರೆ ಇಟ್ಟುಕೊಳ್ಳುವಷ್ಟು ತಿಳುವಳಿಕೆ ಬಂದಿತ್ತು. ಹತ್ತು ವರ್ಷದ ಮಗುವಿಗೆ ಅದು ಬರುವುದು ಕಷ್ಟ. ಎರಡು ಕಡೆಯೂ ತಪ್ಪು ಅನ್ನಿಸಿಕೊಂಡರೆ 'ನನಗೆ ಡ್ಯಾನ್ಸ್ ಬರಲ್ಲ' ಅಂದುಕೊಂಡುಬಿಡುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಫಾರಂ ತುಂಬುವ ಮೊದಲು ನಿಮ್ಮ ಗುರುಗಳಿಗೆ ತಿಳಿಸಿ. ಆಮೇಲೆ ಗೊತ್ತಾದರೆ ನೊಂದುಕೊಳ್ಳುತ್ತಾರೆ. ಅವರೇ ಆ ಸಂಸ್ಥೆಯವರ ಜೊತೆ ಫೋನಿನಲ್ಲಿ ಒಂದು ಮಾತಾಡಿದರೆ ಎಷ್ಟೋ ಗೊಂದಲ ಅಲ್ಲೇ ಮುಗಿಯುತ್ತದೆ.

ಮಗುವಿನ ಮೈಯನ್ನೂ ನೋಡಬೇಕು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಬಂಡೆ ಹಾಸಿದ ನೆಲ ಇಲ್ಲವೇ ಸಿಮೆಂಟು, ಅದರ ಮೇಲೇ ಮಕ್ಕಳು ಬರಿಗಾಲಲ್ಲಿ ತಟ್ಟುತ್ತವೆ. ಎಂಟರಿಂದ ಹದಿನಾಲ್ಕರ ಒಳಗೆ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಬೆಳೆಯುವ ಜಾಗಕ್ಕೆ ಪೆಟ್ಟು ಜಾಸ್ತಿ ಆದರೆ ನೋವು ಬರುತ್ತದೆ. ಬ್ಯಾಲೆಯಲ್ಲಿ ಕೂಡ ಜವಾಬ್ದಾರಿ ಇರುವ ಟೀಚರ್‌ಗಳು ಹನ್ನೊಂದು ಹನ್ನೆರಡರ ಮೊದಲು ಮಕ್ಕಳನ್ನು ಕಾಲ್ಬೆರಳ ತುದಿಯ ಮೇಲೆ ನಿಲ್ಲಿಸುವುದಿಲ್ಲ. ಮಗಳು ಬೆಳಿಗ್ಗೆ ಎದ್ದ ತಕ್ಷಣ ಕುಂಟಿಕೊಂಡು ನಡೆಯುತ್ತಾಳಾ ಗಮನಿಸಿ. ಮಂಡಿ ಹೊರಗೆ ಬಗ್ಗಿಸಿ ಅರಮಂಡಿಯಲ್ಲಿ ಕೂತಾಗ ಮುಂದಿನಿಂದ ನೋಡಿ: ಮಂಡಿ ಪಾದದ ಬೆರಳುಗಳ ದಿಕ್ಕಿಗೇ ಇರಬೇಕು. ಪಾದ ಹೊರಗೆ ತಿರುಗಿ ಮಂಡಿ ಮಾತ್ರ ಒಳಗೆ ಬೀಳುತ್ತಿದ್ದರೆ ಅವಳು ಸೊಂಟದಿಂದ ತೆರೆಯದೆ ಮಂಡಿಯನ್ನು ತಿರುಚುತ್ತಿದ್ದಾಳೆ ಅಂತ ಅರ್ಥ. ಅದನ್ನು ದಿನಾ ನೋಡುವ ನಿಮ್ಮ ಗುರುಗಳೇ ಸರಿ ಮಾಡಬೇಕು, ಎರಡು ವಾರಕ್ಕೊಮ್ಮೆ ನೋಡುವವರಿಂದ ಆಗದು.

ಅವಳಿಗೆ ಇಷ್ಟ ಇದೆಯಾ ಅಂತ ಹೇಗೆ ತಿಳಿಯುವುದು ಅಂದಿರಿ. 'ಬೆಂಗಳೂರಿಗೆ ಆಡಿಷನ್‌ಗೆ ಹೋಗೋಣ್ವಾ' ಅಂದರೆ ಯಾವ ಮಗು ಬೇಡ ಅನ್ನುತ್ತದೆ ಹೇಳಿ. ಹಾಗೆ ಕೇಳಬೇಡಿ. ತಿಂಗಳಲ್ಲಿ ಎರಡು ಭಾನುವಾರ ಗೆಳತಿಯರ ಜೊತೆ ಆಟ ಇರಲ್ಲ, ಹುಟ್ಟುಹಬ್ಬ ತಪ್ಪಬಹುದು, ಅಲ್ಲಿ ಹೊಸ ಐಟಂ ಬೇಗ ಹೇಳಿಕೊಡಲ್ಲ, ಒಂದೇ ಅಡವನ್ನು ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಮತ್ತೆ ಮತ್ತೆ ಮಾಡಿಸುತ್ತಾರೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಆಗ ಮುಖ ನೋಡಿ. ಗೆಜ್ಜೆ ಇಲ್ಲದೆ, ನೋಡುವವರು ಇಲ್ಲದೆ, ತಾನಾಗಿ ಅಭ್ಯಾಸಕ್ಕೆ ನಿಲ್ಲುತ್ತಾಳಾ ನೋಡಿ. ಗವಿಮಠದ ಜಾತ್ರೆ ವೇದಿಕೆಯಲ್ಲೋ ಸ್ಕೂಲ್ ಡೇಯಲ್ಲೋ ಚೆನ್ನಾಗಿ ಕುಣಿದಳು ಅನ್ನುವುದು ಖುಷಿಯ ವಿಷಯವೇ, ಆದರೆ ಇಂಥ ಕ್ಲಾಸಿನಲ್ಲಿ ಕೇಳುವುದು ಬೇರೆ. ನಾನು ನೋಡಿದ ಆಡಿಷನ್‌ನಲ್ಲಿ ಮಕ್ಕಳು ಕಲಿತು ತಂದ ಅಲರಿಪು ನೃತ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಅಲ್ಲೇ ಒಂದು ಚಿಕ್ಕ ಜತಿ (ತಾಳಕ್ಕೆ ಕೂಡಿಸಿದ ಹೆಜ್ಜೆಗಳ ಸಾಲು) ಹೇಳಿಕೊಟ್ಟು, ತಿದ್ದಿದ್ದನ್ನು ಮರುಸಲ ಎಷ್ಟು ಬೇಗ ಹಿಡಿಯುತ್ತಾರೆ ಅಂತ ನೋಡಿದರು. ಅಳುತ್ತಿದ್ದ ಮಕ್ಕಳೂ ಇದ್ದರು.

ಈ ವರ್ಷ ಮಾಡಬೇಕಾದ್ದು ಅಂದೆನಲ್ಲ, ಅದು ಸಿಸಿಆರ್‌ಟಿ (ಸೆಂಟರ್ ಫಾರ್ ಕಲ್ಚರಲ್ ರಿಸೋರ್ಸಸ್ ಅಂಡ್ ಟ್ರೈನಿಂಗ್) ಸ್ಕಾಲರ್‌ಶಿಪ್. 1979ರಲ್ಲಿ ಶುರುವಾದ, ಈಗ ಕೇಂದ್ರ ಸಂಸ್ಕೃತಿ ಸಚಿವಾಲಯದ ಕೆಳಗಿರುವ ಸಂಸ್ಥೆ ಅದು, 1982ರಿಂದ ಈ ವಿದ್ಯಾರ್ಥಿವೇತನ ನಡೆಸುತ್ತಿದೆ. 10ರಿಂದ 14 ವರ್ಷದ ಶಾಲಾ ಮಕ್ಕಳಿಗೆ ನೃತ್ಯ, ಸಂಗೀತ, ನಾಟಕ, ಚಿತ್ರಕಲೆ ಎಲ್ಲಕ್ಕೂ ಇದೆ. ಅವರ ನಿಯಮದಲ್ಲಿ ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುಗಳಿಗೆ ಕೊಡುವ ಫೀಸು 9,000 ರೂಪಾಯಿವರೆಗೆ. ದೊಡ್ಡ ಮೊತ್ತ ಅಲ್ಲ. ಆದರೆ ನನಗೆ ಇದು ಹಿಡಿಸುವುದು ಬೇರೆ ಕಾರಣಕ್ಕೆ: ಮಗು ಊರು ಬಿಡಬೇಕಾಗಿಲ್ಲ, ದುಡ್ಡು ಊರಿನ ಗುರುಗಳಿಗೇ ಹೋಗುತ್ತದೆ, ಎರಡೆರಡು ವರ್ಷಕ್ಕೆ ನವೀಕರಿಸಿಕೊಂಡು 20 ವರ್ಷದವರೆಗೂ ಮುಂದುವರಿಯಬಹುದು. ಇಲ್ಲೂ ಪರಿಣತರ ಮುಂದೆ ಮಾಡಿ ತೋರಿಸಬೇಕು, ಹಾಗಾಗಿ ಅವಳಿಗೆ ಒಂದು ಆಡಿಷನ್ ಕೊಟ್ಟ ಅನುಭವವೂ ಆಗುತ್ತದೆ. ಸಿಗದಿದ್ದರೂ ಮರುದಿನ ಅದೇ ಟೀಚರ್, ಅದೇ ಗೆಳತಿಯರು, ಏನೂ ತಪ್ಪಿಹೋಗುವುದಿಲ್ಲ.

ಬೆಂಗಳೂರಿನವರ ವಯಸ್ಸಿನ ಮಿತಿ 13 ಅಂತ ನೀವೇ ಬರೆದಿದ್ದೀರಿ, ಅಂದರೆ ಸಮಯ ಇದೆ. ಅಷ್ಟರಲ್ಲಿ ಭರತನಾಟ್ಯದ ಜೂನಿಯರ್ ಪರೀಕ್ಷೆಗೆ ತಯಾರಾಗಲಿ, ತಾಳ ಗಟ್ಟಿಯಾಗುತ್ತದೆ. ಇನ್ನು ಅವರು 'ಈ ವರ್ಷ ಬಿಟ್ಟರೆ ಅವಕಾಶ ಹೋಯ್ತು' ಅಂತ ಫೋನಿನಲ್ಲಿ ಒತ್ತಾಯ ಮಾಡಿದರೆ, ಅವಳಿಗೆ ಹನ್ನೆರಡು ದಾಟಿದ ವರ್ಷ ಫಾರಂ ಯಾವಾಗ ಕೊಡುತ್ತೀರಿ ಅಂತ ಮಾತ್ರ ಕೇಳಿ. ಬೇರೆ ಏನಾದರೂ ತಿಳಿಯಬೇಕಿದ್ದರೆ ಇಲ್ಲೇ ಬರೆಯಿರಿ, ಗೊತ್ತಿರುವಷ್ಟು ಹೇಳುತ್ತೇನೆ.