ಕತ್ತಿ ಕೆಳಗಿಟ್ಟದ್ದು ಯಾರ ಪರವಾಗಿ?

ಪ್ರಶ್ನೆ: ವಿರಾಜಪೇಟೆ ಬಳಿಯ ತೋಟದ ಮನೆ ನಮ್ಮದು. ಕಳೆದ ವರ್ಷದ ಮಳೆಗಾಲದಿಂದ ದೊಡ್ಡಪ್ಪನ ಮಗ, ಅತ್ತಿಗೆ, ನಾನು ಮತ್ತು ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಸೇರಿ ಶನಿವಾರಗಳಂದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟ ಅದು. ಕಥೆ ನಡೆಸುವವನು ಅಣ್ಣ. ಕಳೆದ ತಿಂಗಳು ಸೇತುವೆಯೊಂದರ ಮೇಲೆ ನಲವತ್ತು ಬಿಲ್ಲುಗಾರರು ನಮ್ಮನ್ನು ಸುತ್ತುವರಿದರು. ಗುಂಪಿನ ನಾಯಕಿ ನನ್ನ ಪಾತ್ರ. ‘ನಾವು ಶರಣಾಗುತ್ತೇವೆ’ ಎಂದು ಕತ್ತಿ ಕೆಳಗಿಟ್ಟೆ. ತಮ್ಮನ ಪಾತ್ರ ಒಪ್ಪದೆ ಮುನ್ನುಗ್ಗಿ ಸತ್ತಿತು. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟಿದ್ದಾನೆ. ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಬಂದವನು ಊಟ ಮುಗಿಸಿ ಹೊರಟೇ ಹೋದ. ದೊಡ್ಡಪ್ಪ ಕೋವಿ ತೋರಿಸಿ, ‘ನಮ್ಮ ಮನೆಯವರು ಇದನ್ನು ಕೆಳಗಿಟ್ಟವರಲ್ಲ’ ಎಂದು ನಕ್ಕರು. ನಾನು ಮಾಡಿದ್ದು ಹೇಡಿತನವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲ ಓದಿಗೆ ನನಗೆ ಅರ್ಥವಾದದ್ದು ಕೋವಿ ಮತ್ತು ಊಟ, ಎರಡೇ. ಹಾಗಾಗಿ ನನ್ನ ಅಕ್ಕನ ಮೊಮ್ಮಗನ ಮನೆಗೆ ಹೋಗಿ ಒಂದು ಭಾನುವಾರ ಕುಳಿತು ಆಡಿಯೇ ಬಂದೆ. ನನಗೊಂದು ಪೂಜಾರಿಣಿಯ ಪಾತ್ರ ಕೊಟ್ಟರು. ಮೂರನೆಯ ಸುತ್ತಿಗೇ ನೆಲಕ್ಕುರುಳಿದೆ. ಬಿದ್ದವರು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವಿಗೆ ಮೊದಲು ಮೂರು ಸೋಲು ಬಂದರೆ ಕಥೆ ಮುಗಿಯಿತು. ಅರವತ್ತು ದಾಟಿದ ನನ್ನ ಅಂಗೈ ಬೆವೆತು ದಾಳ ಜಾರಿ ಮೇಜಿನ ಕೆಳಗೆ ಹೋಯಿತು. ನಾನು ಹೇಗೋ ಉಳಿದೆ, ನಿಮ್ಮ ತಮ್ಮ ಉಳಿಯಲಿಲ್ಲ. ‘ಆಟಕ್ಕೆಲ್ಲ ಇಷ್ಟು ಕೋಪವೇ’ ಎಂದು ಅವನಿಗೆ ಯಾರಾದರೂ ಹೇಳಿದ್ದರೆ, ಅವರು ಆ ದಾಳ ಹಿಡಿದು ನೋಡಿಲ್ಲ.

ಹೇಡಿತನದ ಮಾತನ್ನು ಬೇಗ ಮುಗಿಸುತ್ತೇನೆ. ಈ ಆಟದಲ್ಲಿ ದಾಳದ ಇಪ್ಪತ್ತು ಬಿದ್ದರೆ ಎಂಥ ಕವಚವಿದ್ದರೂ ಪೆಟ್ಟು ತಾಗುತ್ತದೆ, ಅದೂ ದುಪ್ಪಟ್ಟು ದಾಳಗಳ ಪೆಟ್ಟು. ನಲವತ್ತು ಬಾಣಗಳಲ್ಲಿ ಸರಾಸರಿ ಎರಡಕ್ಕೆ ಇಪ್ಪತ್ತು ಬೀಳುತ್ತದೆ. ಉಳಿದ ಮೂವತ್ತೆಂಟರಲ್ಲಿ ಎಷ್ಟು ತಾಗುತ್ತವೆಯೋ ಅದು ಬೇರೆ. ಹೀಗೆ ಪ್ರತಿ ಸುತ್ತಿಗೂ. ನೀವು ಲೆಕ್ಕ ಹಾಕಿದಿರಿ, ಅಷ್ಟೇ.

ತಮ್ಮನಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ. ಈ ಆಟದಲ್ಲಿ ಗಾಯಕ್ಕೆ ನೋವಿಲ್ಲ. ಜೀವದ ಅಂಕ ಒಂದೇ ಉಳಿದವನೂ ಐವತ್ತು ಉಳಿದವನಷ್ಟೇ ಬಲವಾಗಿ ಕತ್ತಿ ಬೀಸುತ್ತಾನೆ. ಹೆದರಿಕೆ ಎಲ್ಲಿಂದ ಹುಟ್ಟಬೇಕು? 1981ರ ಹೊತ್ತಿನ ನಿಯಮ ಪುಸ್ತಕದಲ್ಲಿ ಎದೆಗಾರಿಕೆಯ ಅಂಕ ಎಂಬುದಿತ್ತು. ಎರಡು ದಾಳ ಉರುಳಿಸಿ, ಮೊತ್ತ ಆ ಅಂಕವನ್ನು ಮೀರಿದರೆ ಎದುರಾಳಿಗಳು ಓಡುತ್ತಿದ್ದರು ಇಲ್ಲವೇ ಶರಣಾಗುತ್ತಿದ್ದರು. ಆದರೆ ಅದು ರಾಕ್ಷಸರಿಗೆ, ಬಂಟರಿಗೆ. ಆಟಗಾರರ ಪಾತ್ರಗಳಿಗೆ ಆ ಪರೀಕ್ಷೆಯೇ ಇರಲಿಲ್ಲ. ಶರಣಾಗುವುದು ಎದುರಿನವರ ಪಾಡು ಎಂದು ಆಟವೇ ಕಲಿಸಿದೆ. ಜೊತೆಗೆ, ಸೆರೆ ಸಿಕ್ಕರೆ ತಿಂಗಳುಗಟ್ಟಲೆ ಕೂಡಿಸಿಕೊಂಡ ಕತ್ತಿ, ಕವಚ, ಉಂಗುರ ಎಲ್ಲವೂ ಹೋಗುತ್ತವೆ. ಮುಂದಿನ ಶನಿವಾರ ಕತ್ತಲೆ ಕೋಣೆಯಲ್ಲಿ ಸುಮ್ಮನೆ ಕೂರಬೇಕಾಗುತ್ತದೆ ಎಂಬ ಅನುಮಾನ. ಸತ್ತರೆ ಹೊಸ ಪಾತ್ರವಾದರೂ ಸಿಗುತ್ತದೆ. ಹಾಗೆ ನೋಡಿದರೆ ಅವನ ಲೆಕ್ಕವೂ ಸರಿಯೇ.

ಇಲ್ಲಿ ನಿಮ್ಮ ಅಣ್ಣನ ಕಿವಿಯನ್ನೂ ಸ್ವಲ್ಪ ಹಿಂಡಬೇಕು. ಎದುರಿಗೆ ಇಟ್ಟ ಹೋರಾಟವನ್ನು ಗೆಲ್ಲಬಹುದು ಎಂದೇ ಆಟಗಾರರು ನಂಬುತ್ತಾರೆ. ಗೆಲ್ಲಲಾಗದ್ದನ್ನು ಇಟ್ಟವನು ಬೇರೆ ದಾರಿಯೂ ಉಂಟು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಕೈಗೆಟುಕುವ ದೂರದಿಂದ ಹೊಡೆದುರುಳಿಸುವವನು ಕೊಲ್ಲುವ ಬದಲು ಪ್ರಜ್ಞೆ ತಪ್ಪಿಸಬಹುದು ಎಂಬ ನಿಯಮವಿದೆ. ಬಾಣಕ್ಕೆ ಆ ಅವಕಾಶವಿಲ್ಲ. ನಲವತ್ತರಲ್ಲಿ ಹತ್ತು ಜನರ ಕೈಗೆ ದೊಣ್ಣೆ ಕೊಟ್ಟಿದ್ದರೆ ನಿಮ್ಮ ತಮ್ಮ ಇಂದು ಸೆರೆಮನೆಯಲ್ಲಿ ಕುಳಿತು ನಿಮ್ಮನ್ನೇ ಬಯ್ಯುತ್ತಿದ್ದ.

ದೊಡ್ಡಪ್ಪನ ಮಾತಿಗೆ ಉತ್ತರ ಕೊಡಲೇಬೇಕೆಂದಿದ್ದರೆ, ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಹೆಸರು ತೆಗೆಯಿರಿ. ಟಿಪ್ಪುವಿನ ಸೆರೆಯಾಳಾಗಿ ಪಿರಿಯಾಪಟ್ಟಣದಲ್ಲಿದ್ದವನು 1788ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಪಡೆದ. ನಿಮ್ಮ ವಿರಾಜಪೇಟೆಗೆ ಅವನದೇ ಹೆಸರು. ತೋಕ್‌ಪೂ ಎಂಬ ಹೂ ಸಿಕ್ಕಿಸಿದ ಕೋವಿಯ ಮುಂದೆ ನಿಂತು ಹೇಳಿದರೂ ತಪ್ಪಿಲ್ಲ. ನಗುತ್ತಲೇ ಹೇಳಿ, ಅವರೂ ನಗುತ್ತಲೇ ಅಂದದ್ದು.

ಇನ್ನು ನಿಮ್ಮ ಪತ್ರದಲ್ಲಿ ನಾನು ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡ ಪದ: ‘ನಾವು’. ಕತ್ತಿ ನಿಮ್ಮದು, ಕೆಳಗಿಟ್ಟವರು ನೀವು, ಶರಣಾದವರು ಮಾತ್ರ ನಾವು. ಅತ್ತಿಗೆಯನ್ನು ಕೇಳಿದಿರಾ? ತಮ್ಮನ ಕಡೆ ಒಮ್ಮೆ ತಿರುಗಿ ನೋಡಿದಿರಾ? ಕೊಡಗಿನ ಇತಿಹಾಸದಲ್ಲಿ ಇನ್ನೊಬ್ಬ ರಾಜನೂ ಇದ್ದಾನಲ್ಲ. 1834ರಲ್ಲಿ ಉತ್ತರದ ಗಡಿಯಲ್ಲಿ ಕೊಡಗಿನವರು ಇಂಗ್ಲಿಷರ ಒಂದು ದಂಡನ್ನು ಹಿಮ್ಮೆಟ್ಟಿಸಿದ್ದರು. ಆದರೂ ಚಿಕ್ಕವೀರರಾಜೇಂದ್ರ ಶರಣಾದ, ಎಲ್ಲರ ಪರವಾಗಿ. ಅವನಿಗೂ ಲೆಕ್ಕ ಗೊತ್ತಿತ್ತೇನೋ. ಆ ಗಡಿಯಲ್ಲಿ ನಿಂತಿದ್ದವರಿಗೆ ಹೇಗನಿಸಿರಬೇಕು? ನಿಮ್ಮ ತಮ್ಮ ಮಾತು ಬಿಟ್ಟದ್ದು ಸೋಲಿಗಲ್ಲ, ತನ್ನ ಬಾಯಿಂದ ಬರಬೇಕಾದ ಮಾತನ್ನು ಅಕ್ಕ ಆಡಿಬಿಟ್ಟಳು ಎಂಬುದಕ್ಕೆ ಎಂದು ನನಗೆ ತೋರುತ್ತದೆ. ಮನೆಯಲ್ಲಿಯೂ ಹೀಗೇ ನಡೆಯುತ್ತದೆಯೇ? ‘ಅವನಿಗೆ ಖಾರ ಆಗದು’, ‘ಅವನು ಆ ಕೆಲಸ ಬಿಡುವುದಿಲ್ಲ’ ಎಂದು ಅವನ ಪರವಾಗಿ ಉತ್ತರಿಸುವವರು ನೀವೇ ಏನು? ಅದನ್ನು ನೀವು ಪತ್ರದಲ್ಲಿ ಬರೆದಿಲ್ಲ. ಅಕ್ಕಂದಿರ ಜಾತಿ ನನಗೆ ಗೊತ್ತು, ನಾನೂ ಒಬ್ಬಳು.

ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ಕ್ಷಮಾಪಣೆ ಬರೆಯಬೇಡಿ. ಮುಂದಿನ ಶನಿವಾರ ಅವನು ಮೈಸೂರಿನ ಬಸ್ ಇಳಿಯುವಾಗ ನಿಲ್ದಾಣದಲ್ಲಿರಿ. ಮನೆ ಮುಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಸೇತುವೆಯ ಮೇಲೆ ಓಡುವಾಗ ಅವನ ಪಾತ್ರದ ಮನಸ್ಸಿನಲ್ಲಿ ಏನಿತ್ತು? ನಡುವೆ ಬಾಯಿ ಹಾಕಬೇಡಿ. ಸತ್ತವರನ್ನು ಆಟದ ಲೆಕ್ಕದ ಹತ್ತು ದಿನದೊಳಗೆ ಎಬ್ಬಿಸುವ ಮಂತ್ರವೊಂದಿದೆ, ಅದಕ್ಕೆ ಐನೂರು ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು ಎಂದು ಮೊಮ್ಮಗ ಹೇಳಿದ. ಆ ವಜ್ರ ಹುಡುಕಿ ತರುತ್ತೇನೆಂದು ಈಗಲೇ ಮಾತು ಕೊಡಬೇಡಿ. ಆ ಸಾವು ಅವನಿಗೆ ಇಷ್ಟವಾಗಿಯೇ ಇರಬಹುದು. ಬೇಕಿದ್ದರೆ ಅವನೇ ಕೇಳಲಿ.